ಕೆರೆ ಏಡಿಯ ಹೆಸರು: ದಖ್ಖನಿನ ಸಿಹಿನೀರಿನ ಏಡಿಗಳ ವರ್ಗೀಕರಣದ ಚರಿತ್ರೆ

ಹದಮಳೆ ಬಿದ್ದ ಮರುದಿನ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಯಾವುದೇ ಕೆರೆ ಏರಿಯ ಕೆಳಗೆ ನಡೆದರೆ ಬದುವಿನ ಮಗ್ಗುಲಲ್ಲಿ ಬಿಲಗಳು ಕಾಣುತ್ತವೆ. ಬಾಯಿಯ ಸುತ್ತ ಹಸಿಮಣ್ಣಿನ ಉಂಡೆಗಳು. ಬೇಸಿಗೆಯೆಲ್ಲ ತಳದ ತೇವ ನಂಬಿ ಕೂತಿದ್ದ ಏಡಿ ಮೇಲೆ ಬಂದಿದೆ ಎಂದರ್ಥ. ಹಿಡಿದ ಹುಡುಗ ಮೊದಲು ಮಾಡುವ ಕೆಲಸ ಅದನ್ನು ಅಂಗಾತ ತಿರುಗಿಸುವುದು. ಹೊಟ್ಟೆಯ ಮೇಲಿನ ಮಡಿಕೆ ಅಗಲವಾಗಿದ್ದರೆ ಹೆಣ್ಣು, ಮುಕ್ಕೋನವಾಗಿ ಕಿರಿದಾಗಿದ್ದರೆ ಗಂಡು. ಪ್ರಾಣಿಶಾಸ್ತ್ರವು ಏಡಿಯ ಬೆನ್ನು ಬಿಟ್ಟು ಈ ಮಡಿಕೆಯ ಅಡಿಗೆ ಕಣ್ಣು ಹಾಯಿಸಲು ಸುಮಾರು ಎರಡು ಶತಮಾನ ಹಿಡಿಯಿತು. ಏಡಿಗಳ ವರ್ಗೀಕರಣದ ಚರಿತ್ರೆಯನ್ನು ನಾನು ಓದಿಕೊಂಡಿರುವುದು ಹೀಗೆ: ಅದು ನೋಟ ಜಾಗ ಬದಲಿಸಿದ ಚರಿತ್ರೆ.

1758ರಲ್ಲಿ ಲಿನೇಯಸ್ ಏಡಿಗಳನ್ನೆಲ್ಲ 'ಕ್ಯಾನ್ಸರ್' ಎಂಬ ಒಂದೇ ಕುಲದಲ್ಲಿ ಇಟ್ಟ. ಫ್ರಾನ್ಸಿನ ಲಾತ್ರೇಲ್ ಮತ್ತು ಆನ್ರಿ ಮಿಲ್ನ್ ಎಡ್ವರ್ಡ್ಸ್ ಅದನ್ನು ಒಡೆದು ಅನೇಕ ಕುಲ, ಕುಟುಂಬಗಳನ್ನು ಮಾಡಿದರು. ಅವರ ಆಧಾರ ಬಹುಪಾಲು ಬೆನ್ನಿನ ಚಿಪ್ಪು, ಹಣೆಯ ಅಂಚು, ಬಾಯಿಯ ಸುತ್ತಲಿನ ಅಂಗಗಳು.

ದಖ್ಖನಿನ ಏಡಿ ಈ ಕಥೆಯೊಳಗೆ ಬಂದದ್ದು ಹುಲ್ಲುಗಾವಲಿನ ದಾರಿಯಿಂದ. 1825ರಲ್ಲಿ ಪುಣೆಯ ಕಡೆ ಸಂಚರಿಸಿದ ಬಿಷಪ್ ಹೀಬರ್, ಹುಲ್ಲನ್ನು ಚಿಮಟದಿಂದ ಕತ್ತರಿಸಿ ತನ್ನಷ್ಟೇ ದಪ್ಪದ ಹೊರೆ ಹೊತ್ತು ಬಿಲಕ್ಕೆ ಓಡುವ ಏಡಿಗಳನ್ನು ಕಂಡು ಬೆರಗಿನಿಂದ ಬರೆದಿಟ್ಟರು. ಬೊಂಬಾಯಿ ಸರ್ಕಾರಕ್ಕಾಗಿ ದಖ್ಖನಿನ ಅಂಕಿಅಂಶ ಕಲೆಹಾಕುತ್ತಿದ್ದ ಕರ್ನಲ್ ಸೈಕ್ಸ್ ಇಂಥ ಏಡಿಗಳನ್ನು ಇಂಗ್ಲೆಂಡಿಗೆ ಒಯ್ದರು. 1836ರಲ್ಲಿ ವೆಸ್ಟ್‌ವುಡ್ ಆ ಏಡಿಗೆ ಇಟ್ಟ ಹೆಸರು 'ಥೆಲ್ಫೂಸಾ ಕ್ಯೂನಿಕ್ಯುಲಾರಿಸ್', ಅಂದರೆ ಬಿಲ ತೋಡುವುದು. ಪ್ರಸ್ಥಭೂಮಿಯ ಉದ್ದಗಲಕ್ಕೂ ಹರಡಿರುವ ಈ ಏಡಿಗೆ ಇಂದಿನ ಹೆಸರು 'ಬ್ಯಾರಿಟೆಲ್ಫೂಸಾ ಕ್ಯೂನಿಕ್ಯುಲಾರಿಸ್'. ಕುಲದ ಹೆಸರು ಹಲವು ಸಲ ಬದಲಾದರೂ 'ಬಿಲ' ಮಾತ್ರ ಉಳಿದುಕೊಂಡಿತು.

1844ರಲ್ಲಿ ಮಿಲ್ನ್ ಎಡ್ವರ್ಡ್ಸ್ ಪಶ್ಚಿಮ ಭಾರತದ ಇನ್ನೊಂದು ಏಡಿಯನ್ನು ವರ್ಣಿಸಿದರು. 1832ರಲ್ಲಿ ಬೊಂಬಾಯಿಯಲ್ಲಿ ತೀರಿಕೊಂಡ ಪ್ರವಾಸಿ ವಿಜ್ಞಾನಿ ಜಾಕ್‌ಮೊಂ ಅವರ ಸಂಗ್ರಹದ್ದು ಅದು. ಕಡಲ ತೀರದ ನೆಲಏಡಿಗಳಾದ 'ಗೆಕಾರ್ಸಿನಸ್'ಗಳನ್ನು ಹೋಲುತ್ತದೆಂದು ಅದನ್ನು 'ಗೆಕಾರ್ಸಿನ್ಯೂಕಸ್' ಎಂದು ಕರೆದರು. ಹೋಲಿಕೆ ಮೇಲ್ನೋಟದ್ದು. ಆದರೂ ನಮ್ಮ ಸಿಹಿನೀರಿನ ಏಡಿಗಳ ಇಡೀ ಕುಟುಂಬಕ್ಕೆ ಆ ಹೆಸರೇ ನಿಂತಿದೆ.

ಭಾರತದ ಮಟ್ಟಿಗೆ ದೊಡ್ಡ ಕೆಲಸ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಆಲ್ಫ್ರೆಡ್ ಆಲ್ಕಾಕ್ ಅವರದು. ಅವರ 1910ರ ಸಂಪುಟ ಇಂದಿಗೂ ಕೈಬಿಡಲಾಗದ ಗ್ರಂಥ. ದವಡೆಗೆ ಅಂಟಿದ ಕಿರುಮೀಸೆಯಂಥ ಅಂಗದ ತುದಿ ಒಂಟಿಯೋ ಇಬ್ಭಾಗವೋ ಎಂಬುದನ್ನು ಹಿಡಿದು ಅವರು ಸಿಹಿನೀರಿನ ಏಡಿಗಳನ್ನು ಎರಡು ಪಂಗಡ ಮಾಡಿದರು. ದಕ್ಷಿಣದವು ಇಬ್ಭಾಗದ ಪಂಗಡಕ್ಕೆ ಸೇರಿದವು. ಹೀಗೆ ನೋಟ ಬೆನ್ನಿನಿಂದ ಬಾಯಿಗೆ ಇಳಿಯಿತು.

ಹೊಟ್ಟೆಯ ಸರದಿ ಬಂದದ್ದು ಆಮೇಲೆ. 1970ರಲ್ಲಿ ಜರ್ಮನಿಯ ರಿಚರ್ಡ್ ಬಾಟ್, ಗಂಡಿನ ಮಡಿಕೆಯಡಿಯ ಕೂಡುಕಡ್ಡಿಗಳ (ಸಂಯೋಗದ ಅಂಗಗಳ) ಆಕಾರಕ್ಕೆ ಹೆಚ್ಚಿನ ಬೆಲೆ ಕೊಟ್ಟು ಏಡಿಗಳನ್ನು ಹೊಸದಾಗಿ ಹಂಚಿದರು. ಕುಟುಂಬಗಳನ್ನು ಬಹಳ ಹೆಚ್ಚಿಸಿದರು, ಅತಿಯಾಗಿಯೇ ಹೆಚ್ಚಿಸಿದರು ಎಂಬುದು ನನ್ನ ಎಣಿಕೆ. 1977ರಲ್ಲಿ ಡ್ಯಾನಿಯೆಲ್ ಗಿನೋ ಎಲ್ಲ ಏಡಿಗಳಿಗೂ ಅನ್ವಯಿಸುವ ಸೂತ್ರ ಕೊಟ್ಟರು: ಜನನರಂಧ್ರ ಕಾಲಿನ ಬುಡದಲ್ಲಿದೆಯೇ, ಎದೆಫಲಕದಲ್ಲಿದೆಯೇ? ನಮ್ಮ ಕೆರೆ ಏಡಿಯಲ್ಲಿ ಗಂಡಿಗೆ ಕಾಲಿನ ಬುಡದಲ್ಲಿ, ಹೆಣ್ಣಿಗೆ ಎದೆಯ ಮೇಲೆ. 2007ರಲ್ಲಿ ಬಾಹಿರ್ ಮತ್ತು ಯಿಯೋ ದಕ್ಷಿಣ ಭಾರತದ ಏಡಿಗಳನ್ನು ಪರಿಷ್ಕರಿಸಿ ಬರತಾ, ಸ್ನಾಹಾ, ವೇಲಾ ಮುಂತಾದ ಕುಲಗಳನ್ನು ಕಟ್ಟಿದರು. 2009ರ ವಂಶವಾಹಿ ಅಧ್ಯಯನದ ಫಲವಾಗಿ ಒಡೆದಿದ್ದ ಕುಟುಂಬಗಳು ಮತ್ತೆ ಒಂದಾದವು.

ಪಳೆಯುಳಿಕೆಗಳ ತೊಡಕು ಬೇರೆ. ಕಲ್ಲಿನಲ್ಲಿ ಉಳಿಯುವುದು ಚಿಪ್ಪು ಮತ್ತು ಚಿಮಟ. ಕೂಡುಕಡ್ಡಿ ಸಿಗುವುದು ತೀರಾ ಅಪರೂಪ. ಬದುಕಿರುವ ಏಡಿಯನ್ನು ಹೊಟ್ಟೆಯಿಂದ, ಸತ್ತ ಕಾಲದ ಏಡಿಯನ್ನು ಬೆನ್ನಿನಿಂದ ಗುರುತಿಸಬೇಕಾದ ಸ್ಥಿತಿ. ಚಳ್ಳಕೆರೆಯ ಬಂಡೆಗಳಲ್ಲಂತೂ ಹುಡುಕಿ ಫಲವಿಲ್ಲ. ಅವು 250 ಕೋಟಿ ವರ್ಷಗಳಷ್ಟು ಹಳೆಯವು, ಏಡಿಗಳ ಪಳೆಯುಳಿಕೆ 20 ಕೋಟಿ ವರ್ಷಗಳಿಂದ ಈಚಿನದು. ಭಾರತದಲ್ಲಿ ಈ ಅಧ್ಯಯನದ ಮೊದಲಿಗರಲ್ಲೊಬ್ಬರು ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಸ್ಟೊಲಿಕ್ಜ್‌ಕಾ. ಅವರು 1871ರಲ್ಲಿ ಸಿಂಧ್ ಮತ್ತು ಕಛ್‌ನ ಕಡಲ ಏಡಿಗಳನ್ನು ವರ್ಣಿಸಿದರು. ಬದುಕಿರುವ ಹಾಗೂ ಪಳೆಯುಳಿಕೆಯ ದಶಪಾದಿ ಕುಲಗಳನ್ನು ಒಂದೇ ಪಟ್ಟಿಗೆ ತಂದ ಜಂಟಿ ವರ್ಗೀಕರಣ ಬಂದದ್ದು 2009ರಲ್ಲಿ.

ಅದೇ ವರ್ಷ ಜಗತ್ತಿನ 1280 ಸಿಹಿನೀರಿನ ಏಡಿ ಪ್ರಭೇದಗಳ ಸ್ಥಿತಿಗತಿ ಅಳೆದಾಗ 628ರ ಬಗ್ಗೆ ತೀರ್ಮಾನಕ್ಕೆ ಬರುವಷ್ಟು ಮಾಹಿತಿಯೇ ಇರಲಿಲ್ಲ. ಸಿಹಿನೀರಿನ ಏಡಿಯ ಮರಿ ಕಡಲ ಏಡಿಯಂತೆ ನೀರಿನಲ್ಲಿ ತೇಲಿ ದೂರ ಹೋಗುವುದಿಲ್ಲ. ತಾಯಿಯ ಮಡಿಕೆಯಡಿಯಿಂದ ಪುಟ್ಟ ಏಡಿಯಾಗಿಯೇ ಇಳಿದು ಅಲ್ಲೇ ಬೆಳೆಯುತ್ತದೆ. ಹಾಗಾಗಿ ಒಂದೊಂದು ಹಳ್ಳದ ಏಡಿಗೂ ತನ್ನದೇ ಚರಿತ್ರೆ ಇರಬಹುದು. 2022ರಲ್ಲಿ ಯಲ್ಲಾಪುರದ ಕಾಡಿನ ಎರಡು ಬಣ್ಣದ ಏಡಿ 'ಘಾಟಿಯಾನಾ ದ್ವಿವರ್ಣ' ಎಂದು ಹೆಸರು ಪಡೆದದ್ದು ಒಬ್ಬ ಅರಣ್ಯ ರಕ್ಷಕನ ಕಣ್ಣಿಗೆ ಬಿದ್ದುದರಿಂದ. ಬಯಲುಸೀಮೆಗೂ ಅಂಥ ಕಣ್ಣುಗಳು ಬೇಕು. ವೇದಾವತಿಯ ಮಡುವಿನಲ್ಲೋ ನಾಯಕನಹಟ್ಟಿಯ ಕೆರೆಯಲ್ಲೋ ಕಾಲೇಜಿನ ಸಂಗ್ರಹಕ್ಕೆಂದು ಏಡಿ ಹಿಡಿಯುವ ಅಧ್ಯಾಪಕರು ಒಂದು ಗಂಡನ್ನಾದರೂ ತೆಗೆದಿಡಲಿ, ಸೀಸೆಯ ಚೀಟಿಯಲ್ಲಿ ಊರು, ಕೆರೆ, ತಾರೀಖು ಮೂರನ್ನೂ ಬರೆಯಲಿ.