ಮಾಫಿ ಪಡೆದ ಮನೆಗಳು

ಸಾಲ ಮಾಫಿ, ಬಡ್ಡಿ ಮಾಫಿ ಎಂಬ ಮಾತುಗಳು ನಮಗೆ ಹೊಸತಲ್ಲ. ಅರಬಿಯಲ್ಲಿ ಹುಟ್ಟಿ, ಫಾರಸಿ ಮತ್ತು ಉರ್ದುವಿನ ಹಾದಿ ಹಿಡಿದು ಕನ್ನಡಕ್ಕೆ ಬಂದ ಶಬ್ದ ಈ ಮಾಫಿ. ಅದೇ ಧಾತುವಿನ ಇನ್ನೊಂದು ಶಬ್ದ ಟರ್ಕಿಯಲ್ಲಿ 'ಅಫ್' ಆಗಿ ಉಳಿದಿದೆ. ಅನುಮತಿಯಿಲ್ಲದೆ ಕಟ್ಟಿದ ಕಟ್ಟಡಗಳನ್ನು ಸರಕಾರ ಮನ್ನಿಸುವುದಕ್ಕೆ ಅಲ್ಲಿನವರು 'ಇಮಾರ್ ಅಫ್ಫಿ' ಎನ್ನುತ್ತಾರೆ. ಇಮಾರತ್, ತಾಮೀರ್ ಎಂಬ ಉರ್ದು ಶಬ್ದಗಳನ್ನು ಬಲ್ಲವರಿಗೆ ಈ 'ಇಮಾರ್' ಕೂಡ ಅಪರಿಚಿತವಲ್ಲ. ನಾವು ಅಕ್ರಮ-ಸಕ್ರಮ ಎಂದು ಕರೆಯುವ ವ್ಯವಹಾರವೇ ಅದು. ಆದರೆ ಟರ್ಕಿಯಲ್ಲಿ ಅದಕ್ಕೆ ಎಪ್ಪತ್ತು ವರ್ಷಗಳ ಚರಿತ್ರೆಯಿದೆ.

ಆ ಚರಿತ್ರೆ 'ಗೆಜೆಕೊಂಡು'ವಿನಿಂದ ಶುರುವಾಗುತ್ತದೆ. ಗೆಜೆ ಎಂದರೆ ರಾತ್ರಿ, ಕೊಂಡು ಎಂದರೆ ಇಟ್ಟದ್ದು, ಕೂರಿಸಿದ್ದು. (ಕನ್ನಡದ 'ಕೊಂಡು'ವಿನ ಹಾಗೆ ಕೇಳಿಸಿದರೂ ಸಂಬಂಧವೇನೂ ಇಲ್ಲ.) ಒಂದೇ ರಾತ್ರಿಯಲ್ಲಿ ಗೋಡೆ ಎಬ್ಬಿಸಿ, ಬೆಳಗಾಗುವುದರೊಳಗೆ ಸೂರು ಹೊದಿಸಿಬಿಟ್ಟರೆ ಆ ಮನೆಯನ್ನು ಸುಲಭವಾಗಿ ಕೆಡವುವಂತಿಲ್ಲ ಎಂಬ ನಂಬಿಕೆ ಜನರಲ್ಲಿತ್ತು. ಎರಡನೆಯ ಮಹಾಯುದ್ಧದ ನಂತರ ಹಳ್ಳಿಗಳಿಗೆ ಟ್ರ್ಯಾಕ್ಟರ್ ಬಂತು, ಗೇಣಿ ಮಾಡುತ್ತಿದ್ದವರ ಕೈಗೆ ಕೆಲಸ ತಪ್ಪಿತು, ಪಟ್ಟಣಕ್ಕೆ ರಸ್ತೆಯಾಯಿತು. ಇಸ್ತಾಂಬುಲಿನ ಕಾರ್ಖಾನೆಗಳಿಗೆ ಕೂಲಿಗಳು ಬೇಕಾಗಿದ್ದರು. ಆದರೆ ಆ ಕೂಲಿಗಳು ರಾತ್ರಿ ಎಲ್ಲಿ ಮಲಗಬೇಕು ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಚರ್ಮದ ಕಾರ್ಖಾನೆಗಳಿದ್ದ ಜೈತಿನ್‌ಬುರ್ನು ಪ್ರದೇಶದಲ್ಲಿ ಇಂಥ ಮನೆಗಳು ಸಾಲುಸಾಲಾಗಿ ಎದ್ದವು. ಹಗಲು ಸರಕಾರದವರು ಕೆಡವುವುದು, ರಾತ್ರಿ ಇವರು ಕಟ್ಟುವುದು. ಲತೀಫೆ ತೆಕಿನ್ ಎಂಬ ಲೇಖಕಿ 1984ರಲ್ಲಿ ಪ್ರಕಟಿಸಿದ, ಕಸದ ಗುಡ್ಡದ ಮೇಲಿನ ಗುಡಿಸಲುಗಳ ಕಾದಂಬರಿಯಲ್ಲಿ ಈ ಕೆಡವುವ-ಕಟ್ಟುವ ಆಟವಿದೆ. ಅಲ್ಲಿ ಗಾಳಿ ಕೂಡ ಸರಕಾರದ ಪರವಾಗಿ ಬೀಸಿ ಸೂರುಗಳನ್ನು ಹಾರಿಸಿಕೊಂಡು ಹೋಗುತ್ತದೆ. ಕತೆ ಬರೆಯುವ ನನ್ನಂಥವರಿಗೆ ಆ ಕಾಲವನ್ನು ತಿಳಿಯಲು ಕಾಯಿದೆ ಪುಸ್ತಕಕ್ಕಿಂತ ಅದೇ ಹೆಚ್ಚು ಉಪಯುಕ್ತ.

1948ರಲ್ಲಿ ಅಂಕಾರಾ ನಗರಕ್ಕೆಂದು ಮೊದಲ ಮಾಫಿ ಕಾನೂನು ಬಂತು. 1966ರ 775ನೇ ಸಂಖ್ಯೆಯ ಕಾನೂನು ಗೆಜೆಕೊಂಡು ಎಂಬ ಜನರ ಮಾತನ್ನೇ ಸರಕಾರಿ ಕಡತಕ್ಕೆ ಸೇರಿಸಿತು. ಈ ಹಂತದ ಮಾಫಿಯ ಬಗ್ಗೆ ನನಗೆ ತಕರಾರಿಲ್ಲ. ಕಾನೂನುಬದ್ಧವಾದ ನಿವೇಶನ ಬಡವನ ಕೈಗೆಟುಕದ ಊರಿನಲ್ಲಿ ಅವನ ಒಂದಂತಸ್ತಿನ ಮನೆಯನ್ನು ಅಕ್ರಮ ಎನ್ನುವುದಾದರೆ, ಆ ಅಕ್ರಮದಲ್ಲಿ ಸರಕಾರದ ಪಾಲೂ ಇದೆ. ಅವನಿಗೆ ನೀರು, ದೀಪ, ಹಕ್ಕುಪತ್ರ ಕೊಟ್ಟದ್ದು ದಾನವೇನಲ್ಲ.

ತಿರುವು ಬಂದದ್ದು 1984ರಲ್ಲಿ. ತುರ್ಗುತ್ ಓಝಾಲ್ ಪ್ರಧಾನಿಯಾಗಿದ್ದರು. ಫೆಬ್ರವರಿ 24ರಂದು 2981ನೇ ಕಾನೂನು ಅಂಗೀಕಾರವಾಯಿತು. ಸ್ಥಳೀಯ ಚುನಾವಣೆ ನಡೆದದ್ದು ಮಾರ್ಚ್ 25ಕ್ಕೆ. ಆ ಕಾನೂನು, 1986ರ ಅದರ ತಿದ್ದುಪಡಿ ಎರಡೂ ಸೇರಿ ಗೆಜೆಕೊಂಡು ಇದ್ದ ಜಾಗದಲ್ಲಿ ನಾಲ್ಕು ಅಂತಸ್ತಿನವರೆಗೆ ಕಟ್ಟಲು ದಾರಿ ಮಾಡಿಕೊಟ್ಟವು. ಗುತ್ತಿಗೆದಾರ ಬಂದ, ಜಾಗ ನಿನ್ನದು, ಕಟ್ಟಡ ನನ್ನದು, ಮನೆಗಳನ್ನು ಹಂಚಿಕೊಳ್ಳೋಣ ಎಂದ. ಅಂಗಳದಲ್ಲಿ ಹಣ್ಣಿನ ಗಿಡವಿದ್ದ ಮನೆ ಹೋಗಿ ಕಾಂಕ್ರೀಟಿನ ವಠಾರ ಎದ್ದಿತು. ನಾಲ್ಕರ ಮೇಲೆ ಐದು, ಆರು ಅಂತಸ್ತುಗಳೂ ಏರಿದವು. ಹೇಗೂ ಇನ್ನೊಂದು ಚುನಾವಣೆ, ಇನ್ನೊಂದು ಮಾಫಿ ಬಂದೇ ಬರುತ್ತದಲ್ಲ! ತಗಡಿನ ಮಾಡು ಕುಸಿದರೆ ಒಂದು ಕುಟುಂಬಕ್ಕೆ ಗಾಯವಾಗಬಹುದು. ಆರಂತಸ್ತು ಕುಸಿದರೆ?

1999ರ ಆಗಸ್ಟ್ 17ರಂದು ಇಝ್ಮಿತ್ ಭೂಕಂಪ ಉತ್ತರ ಕೊಟ್ಟಿತು. ಸರಕಾರಿ ಲೆಕ್ಕದಲ್ಲೇ 17,000ಕ್ಕಿಂತ ಹೆಚ್ಚು ಜನ ಸತ್ತರು. 2001ರಲ್ಲಿ ಕಟ್ಟಡ ತಪಾಸಣೆಯ ಕಾನೂನು ಬಂತು. ಮೊದಲು 19 ಪ್ರಾಂತಗಳಿಗೆ, 2011ರಲ್ಲಿ ಇಡೀ ದೇಶಕ್ಕೆ ಅದು ಅನ್ವಯವಾಯಿತು. ಆದರೆ ತಪಾಸಣೆಯ ಕಂಪನಿಯನ್ನು ಆರಿಸುವುದು ಬಹುಕಾಲ ಗುತ್ತಿಗೆದಾರನ ಕೈಯಲ್ಲೇ ಇತ್ತು.

2018ರ ಮೇ ತಿಂಗಳಲ್ಲಿ ಎರ್ದೊಗಾನ್ ಸರಕಾರ ಅತಿ ದೊಡ್ಡ ಮಾಫಿಯನ್ನು ಪ್ರಕಟಿಸಿತು. ಜೂನ್ 24ಕ್ಕೆ ಚುನಾವಣೆ. ಈ ಸಲ ಅಫ್ ಎಂಬ ಶಬ್ದವನ್ನೇ ಕೈಬಿಟ್ಟು 'ಇಮಾರ್ ಬರಿಶಿ' ಎಂದು ಹೆಸರಿಟ್ಟರು. ಬರಿಶ್ ಅಂದರೆ ಶಾಂತಿ, ರಾಜಿ. ಮಾಫಿ ಎಂದಾಗ ತಪ್ಪು ನಡೆದಿದೆ ಎಂಬ ಒಪ್ಪಿಗೆಯಾದರೂ ಇರುತ್ತದೆ; ರಾಜಿಯಲ್ಲಿ ಅದೂ ಬೇಕಿಲ್ಲ. 2017ರ ಡಿಸೆಂಬರ್ 31ರ ಮೊದಲು ಕಟ್ಟಿದ ಕಟ್ಟಡದ ಮಾಲೀಕ ತಾನೇ ವಿವರ ಬರೆದು ಅರ್ಜಿ ಹಾಕಿ, ಜಾಗ ಮತ್ತು ಕಟ್ಟಡದ ಬೆಲೆಯಲ್ಲಿ ವಾಸದ ಮನೆಗಾದರೆ ಶೇ. 3, ವಾಣಿಜ್ಯ ಕಟ್ಟಡಕ್ಕೆ ಶೇ. 5 ಶುಲ್ಕ ಕಟ್ಟಿದರೆ ನೋಂದಣಿ ಪತ್ರ ಸಿಗುತ್ತಿತ್ತು. ಕಂಬ ನೋಡಲು, ಕಬ್ಬಿಣ ಅಳೆಯಲು ಇಂಜಿನಿಯರ್ ಬರಬೇಕಾಗಿರಲಿಲ್ಲ. ಭೂಕಂಪಕ್ಕೆ ಕಟ್ಟಡ ತಡೆದೀತೇ ಎಂಬುದು ಮಾಲೀಕನ ಜವಾಬ್ದಾರಿ ಎಂದು ಕಾನೂನಿನಲ್ಲೇ ಬರೆದಿತ್ತು. ಕರ್ನಾಟಕದ ಅಕ್ರಮ-ಸಕ್ರಮದಲ್ಲಿ ವಾಸದ ಮನೆಗೆ ಶೇ. 50, ವಾಣಿಜ್ಯಕ್ಕೆ ಶೇ. 25 ಎಂಬ ಉಲ್ಲಂಘನೆಯ ಮಿತಿಯಾದರೂ ಇತ್ತು. ಅದಕ್ಕೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಟರ್ಕಿಯಲ್ಲಿ ಹಂಚಿದ ಪತ್ರಗಳು 70 ಲಕ್ಷಕ್ಕೂ ಹೆಚ್ಚು.

2019ರ ಫೆಬ್ರವರಿ 6ರಂದು ಇಸ್ತಾಂಬುಲಿನ ಕಾರ್ತಾಲ್‌ನಲ್ಲಿ ಎಂಟಂತಸ್ತಿನ ಕಟ್ಟಡವೊಂದು ಭೂಕಂಪವಿಲ್ಲದೆಯೇ ಕುಸಿದು 21 ಜನ ಸತ್ತರು. ಮೇಲಿನ ಮೂರು ಅಂತಸ್ತುಗಳಿಗೆ ಅನುಮತಿಯೇ ಇರಲಿಲ್ಲ. ಅದೇ ವರ್ಷ ಸ್ಥಳೀಯ ಚುನಾವಣೆಯ ಪ್ರಚಾರಕ್ಕೆ ಕಹ್ರಮಾನ್‌ಮರಾಶ್ ನಗರಕ್ಕೆ ಹೋದ ಎರ್ದೊಗಾನ್, ಈ ರಾಜಿಯಿಂದ ಅಲ್ಲಿನ 1 ಲಕ್ಷ 44 ಸಾವಿರಕ್ಕೂ ಹೆಚ್ಚು ನಾಗರಿಕರ ಸಮಸ್ಯೆ ಬಗೆಹರಿಯಿತೆಂದು ಹೆಮ್ಮೆಯಿಂದ ಹೇಳಿದರು.

ಸರಿಯಾಗಿ ನಾಲ್ಕು ವರ್ಷಗಳ ನಂತರ, 2023ರ ಫೆಬ್ರವರಿ 6ರ ನಸುಕಿನ 4 ಗಂಟೆ 17 ನಿಮಿಷಕ್ಕೆ, ಅದೇ ಕಹ್ರಮಾನ್‌ಮರಾಶ್ ಪ್ರಾಂತದ ನೆಲ 7.8ರ ತೀವ್ರತೆಯಲ್ಲಿ ನಡುಗಿತು. ಟರ್ಕಿಯೊಂದರಲ್ಲೇ 53,000ಕ್ಕೂ ಹೆಚ್ಚು ಜನ ಸತ್ತರು. ಬಿದ್ದದ್ದೆಲ್ಲ ಮಾಫಿ ಪಡೆದ ಕಟ್ಟಡವಲ್ಲ. ಎಲ್ಲ ಅನುಮತಿಗಳಿದ್ದ ಹೊಸ ಕಟ್ಟಡಗಳೂ ನೆಲಕ್ಕೊರಗಿದವು. ಅನುಮತಿ ಎಂಬುದೇ ಅಷ್ಟು ಅಗ್ಗವಾಗಿತ್ತು. ಜವಾಬ್ದಾರಿ ನನ್ನದು ಎಂದು ಒಪ್ಪಿದವನು ಮಾಲೀಕ. ಒಳಗೆ ಮಲಗಿದ್ದವರಲ್ಲಿ ಬಾಡಿಗೆದಾರರಿದ್ದರು, ಮಕ್ಕಳಿದ್ದರು, ಯುದ್ಧದಿಂದ ತಪ್ಪಿಸಿಕೊಂಡು ಗಡಿ ದಾಟಿ ಬಂದ ಸಿರಿಯಾದ ಕುಟುಂಬಗಳಿದ್ದವು. ಇವರು ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ.

ಆ ಬೆಳಗ್ಗೆ ಅಂಕಾರಾದ ಸಂಸತ್ತಿನಲ್ಲಿ ಇನ್ನೊಂದು ಮಾಫಿಯ ಕರಡು ಮಸೂದೆ ಒಪ್ಪಿಗೆಗಾಗಿ ಕಾಯುತ್ತಿತ್ತು.