ಕಲ್ಲಿನ ಉಪಕರಣಗಳಲ್ಲಿ ಬಲಗೈ–ಎಡಗೈ ಗುರುತು

ಇಂದು ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಬಲಗೈ ರೂಢಿಯವರು. ಮನುಷ್ಯ ಕುಲದಲ್ಲಿ ಈ ರೂಢಿ ಯಾವಾಗ ನೆಲೆಗೊಂಡಿತು ಎಂದು ತಿಳಿಯಲು ಪುರಾತತ್ತ್ವಜ್ಞರು ಆದಿಮಾನವರ ಕಲ್ಲಿನ ಉಪಕರಣಗಳನ್ನು ಪರೀಕ್ಷಿಸುತ್ತ ಬಂದಿದ್ದಾರೆ.

ಮೊದಲು ಅವರ ಗಮನ ಹೋದದ್ದು ಉಪಕರಣವನ್ನು ಬಳಸಿದ ಕೈಯ ಕಡೆಗೆ. ಫ್ರಾನ್ಸಿನ ಗಾಬ್ರಿಯೆಲ್ ದ ಮೊರ್ತಿಯೆ 1890ರಲ್ಲಿ ನವಶಿಲಾಯುಗದ ಹೆರೆಗಲ್ಲುಗಳ ಆಕಾರವನ್ನು ನೋಡಿ, ಆ ಕಾಲದಲ್ಲಿ ಎಡಚರು ಹೆಚ್ಚಾಗಿದ್ದರೆಂದು ತೀರ್ಮಾನಿಸಿದ. ಸೋವಿಯತ್ ವಿದ್ವಾಂಸ ಸೆರ್ಗೆಯ್ ಸೆಮ್ಯೊನೊವ್ ಆಕಾರವನ್ನು ಬಿಟ್ಟು ಸವೆತವನ್ನು ಹಿಡಿದ. ಚರ್ಮ ಹೆರೆದ ಕಲ್ಲಿನ ಅಂಚು ಯಾವ ಬದಿಗೆ ಹೆಚ್ಚು ಸವೆದಿದೆ ಎಂದು ಅವನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹಳೆ ಶಿಲಾಯುಗದ ಕೊನೆಯ ಹಂತದ ಹೆರೆಗಲ್ಲುಗಳು ಬಹುಪಾಲು ಬಲಬದಿಯಲ್ಲೇ ಸವೆದಿದ್ದವು. 1957ರಲ್ಲಿ ಬಂದ ಅವನ ಗ್ರಂಥ 1964ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು.

ಉಪಕರಣ ಮಾಡಿದ ಕೈಯನ್ನು ಹುಡುಕಿದವರಲ್ಲಿ ಪ್ರಸಿದ್ಧ ಅಮೆರಿಕದ ನಿಕೊಲಸ್ ಟಾತ್. ಅವರು ತಾವೇ ಕಲ್ಲು ಒಡೆದು ನೋಡಿದರು. ಎಡಗೈಯಲ್ಲಿ ಉಂಡೆಗಲ್ಲು ಹಿಡಿದು ಬಲಗೈಯ ಸುತ್ತಿಗೆಗಲ್ಲಿನಿಂದ ಹೊಡೆಯುವವರು ಪೆಟ್ಟಿನಿಂದ ಪೆಟ್ಟಿಗೆ ಉಂಡೆಗಲ್ಲನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುವುದೇ ಹೆಚ್ಚು. ಹಾಗೆ ತಿರುಗಿಸಿದಾಗ ಎದ್ದ ಚಕ್ಕೆಯ ಬಲಬದಿಯಲ್ಲಿ ಕಲ್ಲಿನ ಹೊರಸಿಪ್ಪೆ ಉಳಿಯುತ್ತದೆ. ಬಲಗೈಯವರಾದ ಟಾತ್ ಒಡೆದ ಚಕ್ಕೆಗಳಲ್ಲಿ ಬಲಸಿಪ್ಪೆಯವು ಶೇ. 56, ಎಡಸಿಪ್ಪೆಯವು ಶೇ. 44. ಕೆನ್ಯಾದ ಕೂಬಿ ಫೋರಾದ, 19ರಿಂದ 14 ಲಕ್ಷ ವರ್ಷ ಹಿಂದಿನ ಚಕ್ಕೆಗಳಲ್ಲಿ ಇದೇ ಲೆಕ್ಕ 57 ಮತ್ತು 43. ಮಿದುಳಿನ ಎರಡು ಅರ್ಧಗಳ ನಡುವೆ ಕೆಲಸದ ಹಂಚಿಕೆ ಅಷ್ಟು ಹಿಂದೆಯೇ ಶುರುವಾಗಿತ್ತೆಂದು ಅವರು 1985ರಲ್ಲಿ ವಾದಿಸಿದರು.

ಆದರೆ 57:43 ದೊಡ್ಡ ಅಂತರವಲ್ಲ. ಉಂಡೆಗಲ್ಲನ್ನು ಯಾವ ಕಡೆಗಾದರೂ ತಿರುಗಿಸಬಹುದು ಎಂಬ ಆಕ್ಷೇಪ ಬೇಗನೆ ಬಂತು. 1999ರಲ್ಲಿ ಬ್ರಿಯಾನಾ ಪೊಬಿನರ್ ಎಡಚರೂ ಬಲಗೈಯವರೂ ಒಡೆದ ಚಕ್ಕೆಗಳನ್ನು ಹೋಲಿಸಿದಾಗ, ಸಿಪ್ಪೆಯ ಬದಿ ನೋಡಿ ಒಡೆದವರ ಕೈಯನ್ನು ಗುರುತಿಸಲಾಗಲಿಲ್ಲ. ರಗ್ ಮತ್ತು ಮುಲ್ಲೇನ್ 2001ರಲ್ಲಿ ಬೇರೊಂದು ಸುಳಿವನ್ನು ಮುಂದಿಟ್ಟರು. ತೋಳು ಬೀಸುವುದು ಕಮಾನಿನಂತೆ. ಆದ್ದರಿಂದ ಪೆಟ್ಟು ಬಿದ್ದಲ್ಲಿ ಮೂಡುವ ಶಂಕುವಿನಾಕಾರದ ಗುರುತು ಒಂದು ಬದಿಗೆ ವಾಲುತ್ತದೆ. ಈ ವಾಲು ಎಲ್ಲ ಚಕ್ಕೆಗಳಲ್ಲೂ ಸ್ಪಷ್ಟವಾಗಿ ಕಾಣುವುದಿಲ್ಲ.

ಇತ್ತೀಚಿನ ಸಂಶೋಧನೆ ಅದೇ ಕಲ್ಲು ಹಲ್ಲಿನ ಮೇಲೆ ಬಿಟ್ಟ ಗೀರುಗಳನ್ನೂ ನೆಚ್ಚಿದೆ. ಮಾಂಸವನ್ನೋ ಚರ್ಮವನ್ನೋ ಬಾಚಿಹಲ್ಲಿನಲ್ಲಿ ಕಚ್ಚಿ, ಒಂದು ಕೈಯಲ್ಲಿ ಎಳೆದು, ಇನ್ನೊಂದರಲ್ಲಿ ಚಕ್ಕೆಕಲ್ಲಿನಿಂದ ಕೊಯ್ಯುವಾಗ ಅಂಚು ಜಾರಿ ಹಲ್ಲಿಗೆ ತಗಲುತ್ತಿತ್ತು. ಗೀರಿನ ಓರೆ ಕೊಯ್ದ ಕೈಯನ್ನು ಸೂಚಿಸುತ್ತದೆ. 2016ರಲ್ಲಿ ಡೇವಿಡ್ ಫ್ರೇಯರ್ ಮತ್ತು ಸಂಗಡಿಗರು ತಾಂಜಾನಿಯಾದ ಓಲ್ಡುವೈಯಲ್ಲಿ ಸಿಕ್ಕ ಸುಮಾರು 18 ಲಕ್ಷ ವರ್ಷ ಹಳೆಯ ಮೇಲ್ದವಡೆಯಲ್ಲಿ ಬಲಗೈಯ ಓರೆಯನ್ನು ಗುರುತಿಸಿದರು. ಅದು ಒಬ್ಬ ವ್ಯಕ್ತಿಯ ಸಾಕ್ಷ್ಯ ಮಾತ್ರ. ಇಡೀ ಗುಂಪಿನ ಮಾತಿಗೆ ಸ್ಪೇನಿನ ಸೀಮಾ ದೆ ಲೋಸ್ ಉಯೆಸೋಸ್ ಗುಹೆಯ ಹಲ್ಲುಗಳು ಹೆಚ್ಚು ಒದಗುತ್ತವೆ: ಸುಮಾರು 4.3 ಲಕ್ಷ ವರ್ಷ ಹಿಂದಿನ ಆ ಜನರಲ್ಲಿ ಬಲಗೈಯವರೇ ಬಹುಪಾಲು.