ಒಲೆಯೋ, ಓಲೆಯೋ?

ದುಧನಿ, ಅಕ್ಕಲಕೋಟೆಯ ಸೀಮೆಯಲ್ಲಿ ಮನೆಮಾತು ಕನ್ನಡ, ಕಲಿತ ಶಾಲೆ ಮರಾಠಿ ಎಂಬ ಕುಟುಂಬಗಳು ಅನೇಕ. ಅಂಥ ಮನೆಗಳ ಭಜನೆಯ ವಹಿಗಳನ್ನು ತೆರೆದು ನೋಡಿದರೆ ಹಾಡು ಕನ್ನಡದ್ದು, ಅಕ್ಷರ ಬಾಳಬೋಧದ್ದು. ಬರೆದವರು ಕಿವಿಗೆ ಕೇಳಿಸಿದಂತೆ ತಮಗೆ ತಿಳಿದ ಅಕ್ಷರಗಳಲ್ಲಿ ಇಳಿಸಿಕೊಂಡಿದ್ದಾರೆ. ಇಂಥದೊಂದು ವಹಿಯನ್ನು ನಾವು ವಿದ್ಯಾರ್ಥಿಗಳೊಡನೆ ಕುಳಿತು ಓದಿದೆವು. ತವರಿನಿಂದ ಓಲೆ ಬಂದ ಪ್ರಸಂಗವನ್ನು ಹುಡುಗನೊಬ್ಬನು ‘ಒಲೆ ಬಂತು’ ಎಂದು ಓದಲು ಎಲ್ಲರೂ ನಕ್ಕರು. ಆದರೆ ಮುಂದಿನ ಪುಟದಲ್ಲಿ ನಗುವಂತಿರಲಿಲ್ಲ. ಮನೆಗೆ ಬಂದದ್ದು ಹೊಸ ಬೆಳೆಯೋ, ಹೊಸ ಬೇಳೆಯೋ? ಎರಡೂ ಅರ್ಥಕ್ಕೆ ಹೊಂದುತ್ತಿದ್ದವು. ಬರೆದ ಮುತ್ತಜ್ಜಿ ತೀರಿಹೋಗಿ ಬಹುಕಾಲವಾಗಿತ್ತು. ಕೇಳುವುದು ಯಾರನ್ನು?

ಈ ತೊಡಕಿಗೆ ಕಾರಣ ಸರಳವಾದದ್ದು. ಸಂಸ್ಕೃತದಲ್ಲಿ ಹ್ರಸ್ವವಾದ ಎಕಾರ, ಒಕಾರಗಳಿಲ್ಲ. ಮರಾಠಿಯ ರೂಢಿಯ ಬರವಣಿಗೆಯಲ್ಲಿಯೂ ಇವುಗಳಿಗೆ ಬೇರೆ ಗುರುತಿಲ್ಲ. ಕನ್ನಡದಲ್ಲಾದರೋ ಕೊಡು ಎಂಬುದು ಬೇರೆ, ಕೋಡು ಎಂಬುದು ಬೇರೆ. ಬಾಳಬೋಧದಲ್ಲಿ ಬರೆದೊಡನೆ ಈ ಜೋಡಿಯ ಭೇದ ಅಳಿಸಿಹೋಗುತ್ತದೆ. ಹಿಂದಿನ ಮರಾಠಿ ದಫ್ತರಗಳ ಮೋಡಿ ಲಿಪಿಯಲ್ಲಿ ಇಕಾರ ಈಕಾರಗಳ, ಉಕಾರ ಊಕಾರಗಳ ಭೇದವನ್ನೂ ಸಾಮಾನ್ಯವಾಗಿ ಪಾಲಿಸುತ್ತಿರಲಿಲ್ಲ. ಮಾತು ಬಲ್ಲವನಿಗೆ ಇದು ಅಡ್ಡಿಯಲ್ಲ. ಕಣ್ಣು ಬಿಟ್ಟದ್ದನ್ನು ಕಿವಿ ತುಂಬಿಕೊಳ್ಳುತ್ತದೆ. ಮಾತು ಮರೆತವನಿಗೆ ಮಾತ್ರ ಅದು ಒಗಟು.

ಇದನ್ನು ಪರಲಿಪಿಯ ದೋಷವೆಂದು ಹಳಿಯುವ ಮೊದಲು ನಮ್ಮ ಲಿಪಿಯ ಪೂರ್ವಚರಿತ್ರೆಯನ್ನೂ ನೋಡತಕ್ಕದ್ದು. ನಮ್ಮ ಭೀಮಾ ನದಿಯ ದಂಡೆಯಲ್ಲಿಯೇ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಅಶೋಕನ ಶಾಸನದ ಕಲ್ಲು ದೊರೆಯಿತು. ಅದರ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕನ್ನಡ ಲಿಪಿ ಆ ಬ್ರಾಹ್ಮಿಯ ಸಂತತಿ. ಪ್ರಾಕೃತಕ್ಕೂ ಸಂಸ್ಕೃತಕ್ಕೂ ಒಗ್ಗಿದ್ದ ಅಕ್ಷರಮಾಲೆಯನ್ನು ಕನ್ನಡದ ಬಾಯಿಗೆ ಹೊಂದಿಸುವಾಗ ನಮ್ಮ ಹಿರಿಯರಿಗೂ ಇದೇ ತೊಡಕು ಎದುರಾಯಿತು. ಹಳೆಯ ಕನ್ನಡ ಶಾಸನಗಳಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಸಾಮಾನ್ಯವಾಗಿ ಒಂದೇ ರೂಪ. ದೀರ್ಘದ ಗುರುತು ಕಾಲಾಂತರದಲ್ಲಿ ನೆಲೆಗೊಂಡಿತು. ಇತ್ತ ಱ, ೞ ಎಂಬ ಅಕ್ಷರಗಳು ತಮ್ಮ ಧ್ವನಿಗಳು ಬಾಯಿಂದ ಮರೆಯಾದ ಬಳಿಕ ಬರವಣಿಗೆಯಿಂದಲೂ ಮರೆಯಾದವು. ಲಿಪಿ ಮಾತಿನ ಬೆನ್ನಟ್ಟಿ ನಡೆಯುತ್ತದೆ, ತುಸು ತಡವಾಗಿ.

ಇಂಗ್ಲಿಷಿನ ಚರಿತ್ರೆಯೂ ಇದಕ್ಕೆ ಸಾಕ್ಷಿ. ರೋಮನ್ ಅಕ್ಷರ ಬರುವ ಮೊದಲು ಆ ಜನ ಮರ, ಮೂಳೆ, ಕಲ್ಲುಗಳ ಮೇಲೆ ಕೊರೆಯುತ್ತಿದ್ದುದು ರೂನ್ ಎಂಬ ಲಿಪಿಯನ್ನು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ‘ಫ್ರಾಂಕ್ಸ್ ಕರಡಿಗೆ’ ತಿಮಿಂಗಿಲದ ಮೂಳೆಯಿಂದ ಮಾಡಿದ್ದು. ಎಂಟನೆಯ ಶತಮಾನದ ಪೂರ್ವಾರ್ಧದ್ದೆಂದು ವಿದ್ವಾಂಸರ ಎಣಿಕೆ. ಅದರ ಒಂದು ಮಗ್ಗುಲಿನಲ್ಲಿ ಲ್ಯಾಟಿನ್ ವಾಕ್ಯವು ರೋಮನ್ ಅಕ್ಷರದಲ್ಲಿ ಆರಂಭವಾಗಿ ರೂನಿನಲ್ಲಿ ಮುಗಿಯುತ್ತದೆ. ರೂನಿಗೆ ಹೊರಳಿದೊಡನೆ ‘ಹಬಿಟಾಟೋರೆಸ್’ ಎಂಬ ಶಬ್ದ ಹಕಾರವನ್ನು ಬಿಟ್ಟು, ಬಕಾರದ ಬದಲು ಫಕಾರವನ್ನು ತಾಳಿದೆ. ಕೊರೆದವನು ಕಾಗುಣಿತವನ್ನಲ್ಲ, ಉಚ್ಚಾರವನ್ನು ಹಿಡಿದನೆಂದು ತೋರುತ್ತದೆ. ನಮ್ಮ ಮುತ್ತಜ್ಜಿ ಮಾಡಿದ್ದೂ ಅದನ್ನೇ.

ಮುಂದೆ ಇಂಗ್ಲಿಷಿಗೆ ರೋಮನ್ ಅಕ್ಷರ ಸಾಲದೆ ಹೋದಾಗ ಥಾರ್ನ್, ವಿನ್ ಎಂಬ ಎರಡು ರೂನುಗಳನ್ನು ಅದರೊಳಗೆ ಸೇರಿಸಿಕೊಂಡರು. ಕ್ರಮೇಣ ಅವೂ ಬಿದ್ದುಹೋದವು. ಆದರೂ ರೂನಿನ ಮೋಹ ಅಳಿದಿಲ್ಲ. 1937 ರಲ್ಲಿ ಪ್ರಕಟವಾದ ಟೋಲ್ಕಿನ್ನರ ‘ದಿ ಹಾಬಿಟ್’ ಕಥೆಯ ನಕ್ಷೆಯಲ್ಲಿ ಇಂಗ್ಲಿಷ್ ಮಾತುಗಳೇ ರೂನುಗಳಲ್ಲಿವೆ. ಇಂದಿನ ಇಂಗ್ಲಿಷನ್ನು ರೂನಿನಲ್ಲಿ ಬರೆಯಹೊರಟವನು ಮೊದಲು ಒಂದನ್ನು ನಿಶ್ಚಯಿಸಬೇಕು: ಕಣ್ಣಿಗೆ ಕಾಣುವ ಕಾಗುಣಿತವನ್ನೋ, ಕಿವಿಗೆ ಕೇಳುವ ಧ್ವನಿಯನ್ನೋ? ಧ್ವನಿಯನ್ನೇ ಹಿಡಿದರೆ, ವೀರನೆಂಬ ಅರ್ಥದ ‘ನೈಟ್’, ಇರುಳೆಂಬ ಅರ್ಥದ ‘ನೈಟ್’ ಒಂದೇ ಆಗುತ್ತವೆ. ಮೇಲಾಗಿ ಯಾವ ಊರಿನ ಧ್ವನಿ? ಲಂಡನ್ನಿನದೋ, ಸ್ಕಾಟ್ಲಂಡಿನದೋ?

ನಮ್ಮ ವಿದ್ಯಾರ್ಥಿಗಳು ಇಂಗ್ಲಿಷ್ ಪಾಠದ ಸಾಲುಗಳ ಮೇಲೆ ಸೀಸದ ಕಡ್ಡಿಯಿಂದ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವುದು ಇದೇ ಸಾಹಸ. ‘ಪೆನ್’, ‘ಪೇನ್’ ಎಂಬವನ್ನು ನಮ್ಮ ಲಿಪಿ ಚೆನ್ನಾಗಿಯೇ ಬೇರ್ಪಡಿಸುತ್ತದೆ. ಆದರೆ ದ್ರಾಕ್ಷಿಯ ಬಳ್ಳಿಯೂ ದ್ರಾಕ್ಷಿಯ ಮದ್ಯವೂ ಅದರಲ್ಲಿ ಒಂದೇ ‘ವೈನ್’. ಎಲ್ಲಿ ಲಿಪಿ ಸೋಲುತ್ತದೆಯೋ ಅಲ್ಲಿ ಕಿವಿಯನ್ನು ಎಚ್ಚರಗೊಳಿಸಬೇಕೆಂದು ಶಿಕ್ಷಕರು ತೋರಿಸಿಕೊಟ್ಟರೆ, ಆ ಸೀಸದ ಕಡ್ಡಿಯ ಬರಹವೂ ಒಂದು ಪಾಠವಾದೀತು.

ಗಡಿಯ ಜನರಿಗೆ ಎರಡು ಲಿಪಿಗಳ ಸಹವಾಸ ಹೊಸತಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿ ಚಾವುಂಡರಾಯನ ಹೆಸರನ್ನು ಕೆತ್ತಿದೆ. ಅಲ್ಲಿಯೇ ಗಂಗರಾಜನು ಮಾಡಿಸಿದ ಸುತ್ತಾಲಯವನ್ನು ಹೇಳುವ ಮರಾಠಿ ವಾಕ್ಯದಲ್ಲಿ ನಮ್ಮ ‘ಸುತ್ತು’ ನಾಗರಿಯ ಉಡುಪು ತೊಟ್ಟು ನಿಂತಿದೆ. ಸೊನ್ನಲಿಗೆಯ ಸಿದ್ಧರಾಮನ ವಚನಗಳು ಹುಟ್ಟಿದ ಸೊಲ್ಲಾಪುರದಲ್ಲಿ 1912 ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಕಲಿತದ್ದು ಮರಾಠಿಯಲ್ಲಿ. ಕನ್ನಡದ ಓದುಬರಹವನ್ನು ಆಮೇಲೆ ಸ್ವಪ್ರಯತ್ನದಿಂದ ಸಂಪಾದಿಸಿ, ಸಿದ್ಧರಾಮನ ಚರಿತೆಯನ್ನು ಕನ್ನಡ ಕಾವ್ಯವಾಗಿಸಿದರು. 1974 ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ತಡವಾಗಿ ಕಲಿತ ಅಕ್ಷರವೂ ಫಲ ಕೊಡುತ್ತದೆ.

ಆದುದರಿಂದ ಆ ಭಜನೆಯ ವಹಿಗಳನ್ನು ತಪ್ಪು ಲಿಪಿಯವೆಂದು ಮೂಲೆಗೆಸೆಯಲಾಗದು. ಬಾಳಬೋಧವಿಲ್ಲದಿದ್ದರೆ ಆ ಹಾಡುಗಳು ಬರಹಕ್ಕೇ ಬರುತ್ತಿರಲಿಲ್ಲ. ಅದರ ಋಣ ನಮ್ಮ ಮೇಲಿದೆ. ಆದರೆ ಅವನ್ನು ಕನ್ನಡಕ್ಕೆ ಇಳಿಸುವ ಕೆಲಸ ಇಂದೇ ಆಗಬೇಕು. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಅಂಥ ವಹಿಯೊಂದಿದ್ದರೆ ಅಜ್ಜಿಯ ಮುಂದೆ ಕುಳಿತು ಹಾಡಿಸಿರಿ, ಕೇಳಿ ಬರೆಯಿರಿ. ಯಾವ ಅಕ್ಷರ ಹ್ರಸ್ವ, ಯಾವುದು ದೀರ್ಘ ಎಂಬುದು ವಹಿಯಲ್ಲಿಲ್ಲ, ಆಕೆಯ ಬಾಯಲ್ಲಿದೆ. ನಮ್ಮ ವಹಿಯ ಆ ಪುಟದಲ್ಲಿ ಬಂದದ್ದು ಬೆಳೆಯೋ ಬೇಳೆಯೋ, ನಾವಿನ್ನು ತಿಳಿಯಲಾರೆವು.